ಕ್ಷಿಪಣಿ: ಹುಟ್ಟಿನಿಂದ ಹೆಗಲಿಗೆ

ಉತ್ತರ ಕನ್ನಡದ ಹಿರೇಗುತ್ತಿಯಲ್ಲಿ ಉಪ್ಪುನೀರಿನ ಗಜನಿ ಗದ್ದೆಯಂಚಿಗೆ ಇಳಿತದ ಹೊತ್ತಿನಲ್ಲಿ ಪಾತಿದೋಣಿ ಬಂದು ನಿಂತರೆ, ಇಳಿದವರ ಕೈಯಲ್ಲಿ ಹುಟ್ಟು, ಹೆಗಲ ಮೇಲೆ ಬಲೆ. ಸಂಸ್ಕೃತ ನಿಘಂಟುಗಳಲ್ಲಿ ಈ ಎರಡಕ್ಕೂ ಇರುವ ಒಂದು ಹೆಸರು ‘ಕ್ಷಿಪಣಿ’. ಇಂದು ಅದೇ ಪದ ಕೇಳಿದರೆ ನಮಗೆ ಕಾಣುವುದು ಬೆಂಕಿಯ ಬಾಲದ ಆಯುಧ.

ಪದದ ಬೇರು ‘ಕ್ಷಿಪ್’, ಎಂದರೆ ಎಸೆ. ಋಗ್ವೇದದ ನಾಲ್ಕನೆಯ ಮಂಡಲದಲ್ಲಿ ದಧಿಕ್ರಾ ಎಂಬ ಕುದುರೆಯನ್ನು ಹೊಗಳುವಾಗ ಬರುವ ‘ಕ್ಷಿಪಣಿ’ಗೆ ಚಾವಟಿಯ ಏಟು ಎಂಬ ಅರ್ಥ ಹೇಳುತ್ತಾರೆ. ಹುಟ್ಟು, ಬಲೆ, ಚಾವಟಿ ಮೂರನ್ನೂ ಹೆಣೆದದ್ದು ತೋಳಿನ ಒಂದೇ ಚಲನೆ. ಕನ್ನಡದ್ದೇ ಕ್ರಿಯಾಪದ ಬೇಕೆಂದರೆ ‘ಬೀಸು’ ಇದೆ: ಬಲೆ ಬೀಸುತ್ತೇವೆ, ಚಾವಟಿ ಬೀಸುತ್ತೇವೆ, ಗದ್ದೆಗಿಳಿದ ಹಕ್ಕಿಯನ್ನು ಎಬ್ಬಿಸಲು ಕವಣೆ ಬೀಸುತ್ತೇವೆ.

ಅದೇ ಬೇರಿನ ಬಳಗ ನಮ್ಮ ದಿನದ ಮಾತಿನಲ್ಲೂ ಇದೆ. ಎಸೆದಷ್ಟು ವೇಗ ‘ಕ್ಷಿಪ್ರ’. ಎದುರಿಗೆ ಎಸೆದ ಮಾತು ‘ಆಕ್ಷೇಪ’. ಒಟ್ಟುಗೂಡಿಸಿ ಚಿಕ್ಕದಾಗಿಸಿದ್ದು ‘ಸಂಕ್ಷೇಪ’. ಕೆಳಗಿಟ್ಟು ಕಾದದ್ದು ‘ನಿಕ್ಷೇಪ’. ಕಾವ್ಯದೊಳಕ್ಕೆ ಯಾರೋ ತೂರಿಸಿದ ಪದ್ಯ ‘ಪ್ರಕ್ಷಿಪ್ತ’.

ಹೈದರ್, ಟಿಪ್ಪು ಕಾಲದ ಕಬ್ಬಿಣದ ಕೊಳವೆಯ ರಾಕೆಟ್ಟುಗಳಿಗೆ ಈ ಹೆಸರಿರಲಿಲ್ಲ, ಅವು ‘ಬಾಣ’ಗಳು. ಶಿವಮೊಗ್ಗ ಜಿಲ್ಲೆಯ ನಗರದ ಹಾಳು ಬಾವಿಯೊಂದರಲ್ಲಿ 2018ರಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಬಾಣಗಳು ಸಿಕ್ಕವು. ಮುಂದೆ, ಗುರಿಯತ್ತ ತಾನೇ ತಿರುಗಬಲ್ಲ ಆಯುಧ ಬಂದಾಗ ಹಿಂದಿ ‘ಪ್ರಕ್ಷೇಪಾಸ್ತ್ರ’ ಎಂದಿತು, ಮರಾಠಿ ‘ಕ್ಷೇಪಣಾಸ್ತ್ರ’ ಎಂದಿತು. ಕನ್ನಡ, ತೆಲುಗುಗಳು ‘ಅಸ್ತ್ರ’ದ ಬಾಲ ಸೇರಿಸದೆ ಹಳೆಯ ‘ಕ್ಷಿಪಣಿ’ಯನ್ನೇ ಎತ್ತಿಕೊಂಡವು.

ಈ ಕುಲದಲ್ಲಿ ಮನುಷ್ಯನ ಮೈಗೆ ಅತಿ ಹತ್ತಿರದ್ದು ಹೆಗಲ ಮೇಲಿಟ್ಟು ವಿಮಾನದತ್ತ ಹಾರಿಸುವ ಕ್ಷಿಪಣಿ. ಇವುಗಳ ಹೆಸರುಗಳೇ ಒಂದು ಪದಕೋಶ. 1968ರಲ್ಲಿ ಸೋವಿಯತ್ ಸೇನೆ ಸೇರಿದ ‘ಸ್ಟ್ರೆಲಾ-2’ರ ಹೆಸರಿಗೆ ರಷ್ಯನ್ನಿನಲ್ಲಿ ಬಾಣವೆಂದೇ ಅರ್ಥ. ಅದರ ವ್ಯಾಪ್ತಿ ಸುಮಾರು 3.4 ಕಿ.ಮೀ.; ದಾಟಿಹೋಗುವ ವಿಮಾನದ ಬಿಸಿ ಕೊಳವೆಯನ್ನು ಹಿಂದಿನಿಂದ ಅಟ್ಟಬಲ್ಲದು, ಅಷ್ಟೆ. 1981ರ ಅಮೆರಿಕದ ‘ಸ್ಟಿಂಗರ್’ ಎಂದರೆ ಕುಟುಕುವುದು, ಸುಮಾರು 4.8 ಕಿ.ಮೀ. ಹೋಗುತ್ತದೆ, ಎದುರು ಬರುವ ವಿಮಾನವನ್ನೂ ಗುರುತಿಸುತ್ತದೆ. 1983ರ ‘ಇಗ್ಲಾ’ ಎಂದರೆ ಸೂಜಿ, 5.2 ಕಿ.ಮೀ. ವ್ಯಾಪ್ತಿಯ ಇದು, ವಿಮಾನ ಕಣ್ಣು ತಪ್ಪಿಸಲು ಉದುರಿಸುವ ಬೆಂಕಿಯುಂಡೆಗಳಿಗೆ ಸುಲಭವಾಗಿ ಮೋಸಹೋಗದು. ಅದರ ಮುಂದಿನ ರೂಪ, ಭಾರತವೂ ಕೊಂಡಿರುವ ‘ಇಗ್ಲಾ-ಎಸ್’, 6 ಕಿ.ಮೀ. ಮುಟ್ಟುತ್ತದೆ. ಒಬ್ಬ ಸೈನಿಕ ಹೊರಬಲ್ಲ ತೂಕದಲ್ಲಿ ಇಷ್ಟೆಲ್ಲ. ನಮ್ಮ ಡಿಆರ್‌ಡಿಒ ಕೂಡ ಹೊತ್ತೊಯ್ಯಬಲ್ಲ ಇಂಥ ಕ್ಷಿಪಣಿಯನ್ನು 2022ರಿಂದ ಪರೀಕ್ಷಿಸುತ್ತಿದೆ.

1999ರ ಮೇ 27ರಂದು ಕಾರ್ಗಿಲ್‌ನಲ್ಲಿ ಯುದ್ಧದ ವೇಳೆ ವಾಯುಪಡೆಯ ಪೈಲಟ್ ಅಜಯ್ ಅಹುಜಾ ಅವರ ಮಿಗ್-21, ಮರುದಿನವೇ ಒಂದು ಎಂಐ-17 ಹೆಲಿಕಾಪ್ಟರ್ ಇಂಥ ಕ್ಷಿಪಣಿಗಳಿಗೆ ಬಲಿಯಾದವು. ಆಮೇಲೆ ನಮ್ಮ ವಿಮಾನಗಳು ಅವುಗಳ ಕೈಗೆಟುಕದ ಎತ್ತರಕ್ಕೆ ಏರಿ ದಾಳಿ ಮಾಡಬೇಕಾಯಿತು.

ಸದ್ದು ಕೇಳಿ ಬಿಡುವ ಬಾಣ ಶಬ್ದವೇಧಿಯಾದರೆ, ಈ ಕ್ಷಿಪಣಿಗಳು ಶಾಖವೇಧಿಗಳು. ಆನೆ ನೀರು ಕುಡಿಯುತ್ತಿದೆಯೆಂದು ದಶರಥ ಬಿಟ್ಟ ಬಾಣ ತಾಗಿದ್ದು ಕೊಡ ತುಂಬುತ್ತಿದ್ದ ಮುನಿಕುಮಾರನಿಗೆ. ಶಬ್ದಕ್ಕೆ ಮುಖವಿಲ್ಲ, ಶಾಖಕ್ಕೂ ಇಲ್ಲ. 1978ರಲ್ಲಿ, ಮತ್ತೆ 1979ರಲ್ಲಿ, ರೊಡೇಷಿಯಾದಲ್ಲಿ (ಇಂದಿನ ಜಿಂಬಾಬ್ವೆ) ಸ್ಟ್ರೆಲಾ ಕೆಡವಿದ್ದು ಸಾಮಾನ್ಯ ಪ್ರಯಾಣಿಕರಿದ್ದ ವಿಮಾನಗಳನ್ನು. ದಶರಥನಾದರೂ ನರಳಾಟ ಕೇಳಿ ನದಿಗೆ ಓಡಿದ. ಮೈಲಿಗಳಾಚೆಯ ಆಕಾಶದ ನರಳಾಟ ಯಾರ ಕಿವಿಗೂ ಬೀಳದು.

ಪದದ ಪಯಣದಲ್ಲಿ ನನಗೆ ಕಾಣುವ ದೊಡ್ಡ ಪಲ್ಲಟ ಇದೇ. ಹುಟ್ಟು ನೀರನ್ನು ತಳ್ಳಿ ಕೈಯಲ್ಲೇ ಉಳಿಯುತ್ತದೆ. ಬೀಸಿದ ಬಲೆಗೆ ಹಗ್ಗವಿದೆ. ಬಿದ್ದದ್ದು ಮೀನೋ ಕಸವೋ ಎಂದು ಎಳೆದವರೇ ನೋಡಬೇಕು. ಆ ಹಗ್ಗ ಕಡಿದುಹೋದ ದಿನ ‘ಕ್ಷಿಪಣಿ’ ಹೊಸ ಅರ್ಥ ಪಡೆಯಿತು. ದೇಶ ಕಾಯಲು ಅದು ಬೇಕಾಗಬಹುದು. ಆದರೂ ಅದನ್ನು ಹೊತ್ತ ಹೆಗಲಿಗೆ ಬಲೆಯವರ ಹೊಣೆ ನೆನಪಿರಲಿ: ಏನು ಸಿಕ್ಕಿತೆಂದು ನೋಡುವವರೆಗೆ ಬೀಸುವ ಕೆಲಸ ಮುಗಿಯುವುದಿಲ್ಲ.