ಮುನ್ನೂರು ಗಜದ ಬಿಲವಾಸಿ ಮತ್ತು ಕೈಯಲ್ಲಿ ತುಂಬಿದ ತೋಟಾ

ಅಮೆರಿಕದ ಪಶ್ಚಿಮ ಬಯಲುಗಳಲ್ಲಿ ಪ್ರೇರಿ ಡಾಗ್ ಎಂಬ ಬಿಲವಾಸಿ ಇದೆ. ಬಿಲದ ಬಾಯಲ್ಲಿ ಹಿಂಗಾಲ ಮೇಲೆ ಎದ್ದು ನಿಂತಾಗ ಅದರ ಮೈಯಗಲ ಹೆಚ್ಚೆಂದರೆ ಅಂಗೈಯಷ್ಟು. ಪೂರ್ವದ ಹುಲ್ಲುಗಾವಲುಗಳಲ್ಲಿ ಇದರ ಜಾಗದಲ್ಲಿ ವುಡ್‌ಚಕ್. ಹುಲ್ಲು, ಬೆಳೆ ಕೆಡಿಸುವ ಇಂಥ ಪ್ರಾಣಿಗಳನ್ನೆಲ್ಲ ಅಲ್ಲಿನ ರೈತರು ವಾರ್ಮಿಂಟ್ ಎಂದು ಒಟ್ಟಾಗಿ ಕರೆಯುತ್ತಾರೆ. ಜಿಂಕೆ ಬೇಟೆಗೆ ನೂರು ಗಜದಲ್ಲಿ ಎರಡು ಇಂಚಿನೊಳಗೆ ಗುಂಡುಗಳು ಬಿದ್ದರೆ ಆಯಿತು. ಮುನ್ನೂರು ಗಜದಾಚೆಯ ಪ್ರೇರಿ ಡಾಗ್‌ಗೆ ಅದೇ ನೂರು ಗಜದಲ್ಲಿ ಅರ್ಧ ಇಂಚು ಬೇಕು. ಬಹುಕಾಲ ಯಾವ ಕಾರ್ಖಾನೆಯ ತೋಟಾವೂ ಆ ಮಟ್ಟ ಮುಟ್ಟಲಿಲ್ಲ. ಹಾಗಾಗಿ .22 ಇಂಚಿನ ಆಸುಪಾಸಿನ ವ್ಯಾಸದ ಸಣ್ಣ ನಳಿಗೆಯ ರೈಫಲ್ ಹಿಡಿದವರು ಮನೆಯ ಬೆಂಚಿನ ಮೇಲೆ ತಾವೇ ತೋಟಾ ತುಂಬತೊಡಗಿದರು.

ಇದನ್ನು ವೇಗದ ಕಥೆಯಾಗಿ ಹೇಳುವ ರೂಢಿಯಿದೆ. ಪ್ರತಿ ದಶಕಕ್ಕೂ ಹೊಸ ತೋಟಾ, ಪ್ರತಿ ತೋಟಾಕ್ಕೂ ಸೆಕೆಂಡಿಗೆ ಇನ್ನಷ್ಟು ಅಡಿಗಳು. ಈ ಇತಿಹಾಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆಯದೇ ಎಳೆ. ಗುಂಡು ಗುರಿ ತಪ್ಪಿದಾಗ ತಪ್ಪು ಕೈಯದೋ, ನಳಿಗೆಯದೋ, ಮದ್ದಿನದೋ, ಗುಂಡಿನದೋ ಎಂದು ಸಾಮಾನ್ಯ ಜನ ಪಟ್ಟು ಹಿಡಿದು ಹುಡುಕಿದ ಎಳೆ ಅದು.

ಮನೆಯಲ್ಲಿ ತೋಟಾ ತುಂಬುವ ಕೆಲಸ ಮೊದಲು ಸಾಧ್ಯವಾದದ್ದು ಒಂದು ಸಣ್ಣ ತೂತಿನಿಂದ. ತೋಟಾದ ತಳದ ಕೇಪು ಸಿಡಿದಾಗ ಕಿಡಿ ಆ ತೂತಿನ ಮೂಲಕ ಮದ್ದಿಗೆ ತಲುಪುತ್ತದೆ. ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ರೂಪಿಸಿದ ಬಗೆಯಲ್ಲಿ ತೂತು ಒಂದೇ, ಅದೂ ನಟ್ಟನಡುವೆ. ಅಮೆರಿಕದ ಹಿರಾಮ್ ಬರ್ಡನ್ ಬಗೆಯಲ್ಲಿ ನಡು ಬಿಟ್ಟು ಪಕ್ಕದಲ್ಲಿ ಎರಡು ತೂತು. ಅಮೆರಿಕ ನೆಚ್ಚಿಕೊಂಡದ್ದು ಬಾಕ್ಸರನದನ್ನು, ಯುರೋಪಿನ ಬಹುಭಾಗ ಬರ್ಡನನದನ್ನು. ನಡುವೆ ತೂತಿದ್ದರೆ ಒಂದು ಕಡ್ಡಿಯಿಂದ ಹಳೆಯ ಕೇಪನ್ನು ತಳ್ಳಿ ಹೊಸದನ್ನು ಕೂರಿಸಬಹುದು. ಹಿತ್ತಾಳೆ ಕೊಳವೆಯನ್ನು ಮತ್ತೆ ಮತ್ತೆ ಬಳಸುವ ಅಭ್ಯಾಸ ಅಮೆರಿಕದಲ್ಲಿ ಮನೆಮಾತಾದದ್ದಕ್ಕೆ ಇದು ದೊಡ್ಡ ಕಾರಣ. 1884ರಲ್ಲಿ ಜಾನ್ ಬಾರ್ಲೋ ಶುರುಮಾಡಿದ ಐಡಿಯಲ್ ಕಂಪನಿ ಇಕ್ಕಳದಂಥ ಕೈಸಾಧನಗಳನ್ನು ಮಾರಿತು. 1925ರಲ್ಲಿ ಅದು ಲೈಮನ್ ಕಂಪನಿಯ ಪಾಲಾಯಿತು.

ಆಗಿನ ಗುರಿಕಾರರು ಕಪ್ಪು ಮದ್ದು, ಸೀಸದ ಗುಂಡುಗಳಿಂದಲೇ ಬೆರಗಾಗುವಷ್ಟು ಸಾಧಿಸಿದ್ದರು. ಹ್ಯಾರಿ ಪೋಪ್ ಕೊರೆದ ನಳಿಗೆಗಳನ್ನು ಬಳಸಿದವರು ಗುಂಡನ್ನು ನಳಿಗೆಯ ಬಾಯಿಂದ ಇಳಿಸಿ, ಮದ್ದು ತುಂಬಿದ ಕೊಳವೆಯನ್ನು ಹಿಂದಿನಿಂದ ಸೇರಿಸುತ್ತಿದ್ದರು. ಒಂದೇ ಕೊಳವೆಯನ್ನು ಇಡೀ ಸ್ಪರ್ಧೆಗೆ ಮತ್ತೆ ಮತ್ತೆ ತುಂಬುವವರೂ ಇದ್ದರು. ಕೊಳವೆ ಬದಲಾಗದಿದ್ದರೆ ಅದರಿಂದ ಬರುವ ವ್ಯತ್ಯಾಸವೂ ಇಲ್ಲ ಎಂಬ ಅವರ ತರ್ಕದ ಮುಂದೆ ನನಗೆ ಈಗಲೂ ತಲೆ ಬಾಗುತ್ತದೆ.

ತರ್ಕವನ್ನು ಪ್ರಯೋಗವಾಗಿ ಬೆಳೆಸಿದವರು ಮ್ಯಾಸಚೂಸೆಟ್ಸ್‌ನ ಮಿಲ್ಫರ್ಡ್‌ನ ವೈದ್ಯ ಫ್ರಾಂಕ್ಲಿನ್ ಮ್ಯಾನ್. ಹೆಗಲು, ಉಸಿರು, ಕಣ್ಣು ಇವುಗಳ ತಪ್ಪನ್ನು ಲೆಕ್ಕದಿಂದ ತೆಗೆದುಹಾಕಲು ನಳಿಗೆಯನ್ನು ಭದ್ರವಾದ ‘ವಿ’ ಆಕಾರದ ಆಸರೆಯಲ್ಲಿಟ್ಟು ಹಾರಿಸಿದರು. ಗುಂಡಿನ ಮೂತಿಯನ್ನು ಬೇಕೆಂದೇ ಜಜ್ಜಿ ನೋಡಿದರು, ತಳವನ್ನು ಕೆತ್ತಿ ನೋಡಿದರು. ಮೂತಿ ಕೆಟ್ಟರೆ ಆಗುವ ಹಾನಿ ಸಣ್ಣದು, ತಳ ಓರೆಯಾದರೆ ಗುಂಡು ದಾರಿ ಬಿಡುತ್ತದೆ. ನಳಿಗೆಯ ಬಾಯಿ ದಾಟುವ ಗಳಿಗೆಯಲ್ಲಿ ಹಿಂದಿನ ಬಿಸಿ ಅನಿಲ ಓರೆ ತಳದ ಒಂದು ಅಂಚಿನಿಂದ ಮೊದಲು ನುಗ್ಗಿ ಗುಂಡನ್ನು ವಾಲಿಸುವುದೇ ಇದಕ್ಕೆ ಕಾರಣ. 1909ರಲ್ಲಿ ಬಂದ ಅವರ ಪುಸ್ತಕ ಸೋತ ಪ್ರಯೋಗಗಳನ್ನೂ ಗೆದ್ದವುಗಳಷ್ಟೇ ಶ್ರದ್ಧೆಯಿಂದ ದಾಖಲಿಸಿತು. ಈ ಕ್ಷೇತ್ರದ ನಿಜವಾದ ಆರಂಭ ಅಲ್ಲಿಂದ ಎಂದೇ ನಾನು ಎಣಿಸುತ್ತೇನೆ.

ಹೊಗೆರಹಿತ ಮದ್ದು ಬಂದ ಮೇಲೆ ವೇಗ ಏರಿತು, ತೊಡಕೂ ಏರಿತು. ಹಳೆಯ ಕೇಪುಗಳಲ್ಲಿದ್ದ ಪಾದರಸ ಹಿತ್ತಾಳೆಯನ್ನು ಒಡಕಲು ಮಾಡುತ್ತಿತ್ತು, ಕ್ಲೋರೇಟ್ ಉಪ್ಪು ನಳಿಗೆಗೆ ತುಕ್ಕು ಹಿಡಿಸುತ್ತಿತ್ತು. .22ರಷ್ಟು ಕಿರಿದಾದ ನಳಿಗೆಗೆ ತುಕ್ಕು ಎಂದರೆ ನಿಖರತೆಯ ಕೊನೆ. 1927ರಲ್ಲಿ ರೆಮಿಂಗ್ಟನ್ ತುಕ್ಕು ಹಿಡಿಸದ ಕೇಪನ್ನು ತಂದಿತು. ಅದರ ಬೆನ್ನಿಗೇ, ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ ಸುತ್ತಲಿದ್ದ ಟೌನ್‌ಸೆಂಡ್ ವೀಲನ್, ಗ್ರೋವೆನರ್ ವಾಟ್ಕಿನ್ಸ್ ಮೊದಲಾದವರು ಕಪ್ಪು ಮದ್ದಿನ ಕಾಲದ ಪುಟ್ಟ .22 ತೋಟಾಕ್ಕೆ ಹೊಸ ಜೀವ ಕೊಟ್ಟು .22 ಹಾರ್ನೆಟ್ ಮಾಡಿದರು. 1930ರಲ್ಲಿ ವಿಂಚೆಸ್ಟರ್ ಕಂಪನಿ ಈ ತೋಟಾ ಮಾರತೊಡಗಿದಾಗ ಅದಕ್ಕೆ ತಕ್ಕ ರೈಫಲ್ ಯಾವ ಕಾರ್ಖಾನೆಯಿಂದಲೂ ಬಂದಿರಲಿಲ್ಲ! ಹವ್ಯಾಸಿಗಳು ಮುಂದೆ ನಡೆದರು, ಕಾರ್ಖಾನೆ ಹಿಂದೆ ಬಂತು. ಮುಂದಿನ ದಶಕಗಳಲ್ಲೂ ಹೆಚ್ಚುಕಡಿಮೆ ಹೀಗೆಯೇ ಆಯಿತು.

1935ರ .220 ಸ್ವಿಫ್ಟ್ 48 ಗ್ರೇನ್ ಗುಂಡನ್ನು, ಅಂದರೆ ಮೂರು ಗ್ರಾಮಿಗೆ ಸ್ವಲ್ಪ ಹೆಚ್ಚು ತೂಕದ್ದನ್ನು, ಸೆಕೆಂಡಿಗೆ 4110 ಅಡಿ ವೇಗದಲ್ಲಿ ಕಳಿಸಿತು. ನಳಿಗೆ ಬೇಗ ಸವೆಯುತ್ತದೆ ಎಂಬ ದೂರು ಅದಕ್ಕೆ ಅಂಟಿಕೊಂಡಿತು. ಅದೇ ಹೊತ್ತಿಗೆ .250 ಸ್ಯಾವೇಜ್ ಕೊಳವೆಯ ಕುತ್ತಿಗೆಯನ್ನು .22ಕ್ಕೆ ಕಿರಿದು ಮಾಡಿದ ಖಾಸಗಿ ತೋಟಾ ಕಮ್ಮಟದಿಂದ ಕಮ್ಮಟಕ್ಕೆ ಹರಡಿತು. ಜೆ. ಇ. ಗೆಬಿ ಅದಕ್ಕೆ ‘ವಾರ್ಮಿಂಟರ್’ ಎಂದು ಹೆಸರಿಟ್ಟರು. ಮೂರು ದಶಕ ಅದನ್ನು ಬದುಕಿಸಿಕೊಂಡವರು ಕೈಯಲ್ಲಿ ತೋಟಾ ತುಂಬುವವರು. ರೆಮಿಂಗ್ಟನ್ .22-250 ಎಂದು ಅಂಗೀಕರಿಸಿದ್ದು 1965ರಲ್ಲಿ.

ಎರಡನೆಯ ಮಹಾಯುದ್ಧದ ಕೊರತೆ ಈ ಹವ್ಯಾಸವನ್ನು ಉದ್ಯಮವಾಗಿಸಿತು. ತಾಮ್ರದ ಹೊದಿಕೆಯ ಗುಂಡು ಸಿಗುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ 1943ರಲ್ಲಿ, ಹಾರಿಸಿ ಬಿಸಾಡಿದ .22 ರಿಮ್‌ಫೈರ್ ಕೊಳವೆಗಳ ತಳದ ಅಂಚನ್ನು ಸಪಾಟು ಮಾಡಿ ಅವನ್ನೇ ಸೀಸಕ್ಕೆ ಹೊದಿಸುವ ಡೈ ತಯಾರಿಸಿದರು. ರಾಕ್‌ಚಕ್ ಎಂಬ ಬಿಲವಾಸಿಯ ಬೇಟೆಗೆಂದು ಮಾಡಿದ ಆ ಡೈಗೆ ರಾಕ್ ಚಕ್ ಬುಲೆಟ್ ಸ್ವೇಜ್ ಎಂದು ಹೆಸರು. ಇಂದಿನ ಆರ್‌ಸಿಬಿಎಸ್ ಕಂಪನಿಯ ಹೆಸರು ಅದರದೇ ಮೊದಲಕ್ಷರಗಳು. ಐಡಾಹೋದ ವರ್ನನ್ ಸ್ಪೀರ್ ಕೂಡ ಅದೇ ದಾರಿ ಹಿಡಿದರು. ಯುದ್ಧ ಮುಗಿದಾಗ ಸರ್ಕಾರದ ಬಳಿ ಮದ್ದಿನ ರಾಶಿ ಉಳಿದಿತ್ತು. ಕನ್ಸಾಸ್‌ನ ಬ್ರೂಸ್ ಹಾಜ್ಡನ್ ಅದನ್ನು ಕೊಂಡು, ಹಳೆಯ ರೈಲುಡಬ್ಬಿಯಲ್ಲಿ ಕೂಡಿಟ್ಟು, ಅಂಚೆಯಲ್ಲಿ ಬೇಡಿಕೆ ಪಡೆದು ಅಗ್ಗಕ್ಕೆ ಮಾರಿದರು. 1947ರಲ್ಲಿ ಸಿಯೆರಾ, 1949ರಲ್ಲಿ ಹಾರ್ನಡಿ ಗುಂಡು ತಯಾರಿಕೆಗೆ ಇಳಿದವು.

ಅಲ್ಲಿಂದ ಮುಂದಿನ ದೊಡ್ಡ ಹೆಜ್ಜೆ ಇಟ್ಟದ್ದು ಬೇಟೆಗಾರರಲ್ಲ, ಬೆಂಚ್‌ರೆಸ್ಟ್ ಸ್ಪರ್ಧಿಗಳು. ರೈಫಲನ್ನು ಮೇಜಿನ ಮೇಲೆ ಮರಳುಚೀಲಗಳಲ್ಲಿ ಕೂರಿಸಿ ಕಾಗದಕ್ಕೆ ಹಾರಿಸುವ ಆಟ ಇದು. ಐದೋ ಹತ್ತೋ ಗುಂಡುಗಳ ತೂತು ಎಷ್ಟು ಒತ್ತಾಗಿ ಬಿದ್ದವು ಎಂಬುದಷ್ಟೇ ಲೆಕ್ಕ. ವುಡ್‌ಚಕ್ ಬೇಟೆಯ ತೋಟಾಗಳೇ ಇವರಿಗೆ ಕಚ್ಚಾಸಾಮಗ್ರಿ. 1950ರಲ್ಲಿ ರೆಮಿಂಗ್ಟನ್‌ನ ಮೈಕ್ ವಾಕರ್ ಹೊಸದಾಗಿ ವಿನ್ಯಾಸ ಮಾಡಿದ .222 ತೋಟಾ ಬಂತು. ಸ್ವಿಫ್ಟ್‌ಗಿಂತ ಸೆಕೆಂಡಿಗೆ 900 ಅಡಿ ನಿಧಾನವಾಗಿದ್ದರೂ ಕಾಲು ಶತಮಾನ ಸ್ಪರ್ಧೆಗಳನ್ನು ಆಳಿತು. ವೇಗವೇ ಮುಖ್ಯ ಎಂದವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಡ.

.222ನ್ನು ಕೆಳಗಿಳಿಸಿದ್ದು ಶಸ್ತ್ರಚಿಕಿತ್ಸಕ ಲೂ ಪಾಲ್ಮಿಸಾನೊ ಮತ್ತು ಉಪಕರಣ ತಯಾರಕ ಫೆರಿಸ್ ಪಿಂಡೆಲ್ 1975ರಲ್ಲಿ ರೂಪಿಸಿದ ಪಿಪಿಸಿ ತೋಟಾ. .220 ರಷ್ಯನ್ ಎಂಬ ಕೊಳವೆಯ ಮೇಲೆ ಕಟ್ಟಿದ್ದು. ಗಿಡ್ಡನೆಯ ದಪ್ಪ ಮೈ, ಸಣ್ಣ ಕೇಪು, ಎರಡು ಮಿಲಿಮೀಟರಿನ ಬದಲು ಒಂದೂವರೆ ಮಿಲಿಮೀಟರಿನ ಕಿಡಿತೂತು. ಮದ್ದು ಪ್ರತಿಸಲವೂ ಒಂದೇ ರೀತಿ ಹೊತ್ತಿಕೊಳ್ಳಬೇಕೆಂಬುದು ಇದರ ಹಿಂದಿನ ಯೋಚನೆ.

ಬೆಂಚ್‌ರೆಸ್ಟ್‌ನವರು ಕಲಿತದ್ದು ಕ್ರಮೇಣ ಬಯಲಿಗೂ ಇಳಿಯಿತು. ಕೊಳವೆಯ ಕುತ್ತಿಗೆಯನ್ನು ಒಂದೇ ದಪ್ಪಕ್ಕೆ ಹೆರೆಯುವುದು, ಗುಂಡಿನ ಅಕ್ಷ ಕೊಳವೆಯ ಅಕ್ಷದೊಂದಿಗೆ ಹೊಂದುವಂತೆ ಕೂರಿಸುವುದು, ಗುಂಡು ನಳಿಗೆಯ ಸುರುಳಿ ತೋಡಿಗೆ ಎಷ್ಟು ಸಮೀಪ ನಿಲ್ಲಬೇಕೆಂದು ಪ್ರತಿ ರೈಫಲ್‌ಗೂ ಬೇರೆಯಾಗಿ ಗೊತ್ತುಮಾಡುವುದು. ಹಿತ್ತಾಳೆ ಬಡಿದಂತೆಲ್ಲ ಗಡುಸಾಗುತ್ತದೆ ಎಂಬುದು ನಮ್ಮ ಪಾತ್ರೆ ಬಡಿಯುವ ಕಂಚುಗಾರರಿಗೆ ಗೊತ್ತೇ ಇರುವ ಸಂಗತಿ. ಹಾರಿಸಿ, ಮತ್ತೆ ಹಿಂಡಿ ಬಳಸುವ ಕೊಳವೆಯ ಕುತ್ತಿಗೆಗೂ ಅದೇ ಆಗುತ್ತದೆ. ಆಗಾಗ ಕಾಯಿಸಿ ಮೆದುಗೊಳಿಸದಿದ್ದರೆ ಅದು ಗುಂಡನ್ನು ಹಿಡಿಯುವ ಬಿಗಿ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತದೆ.

ಆದರೆ ಮದ್ದಿನ ತೂಕದ ವಿಷಯದಲ್ಲಿ ಸ್ಪರ್ಧಿಗಳ ಪಾಠವನ್ನು ಹಾಗೆಯೇ ಒಪ್ಪಲು ಆಗದು. ಅವರಲ್ಲಿ ಹೆಚ್ಚಿನವರು ಮದ್ದನ್ನು ತೂಗದೆ ಅಳತೆಯ ಯಂತ್ರದಿಂದ ಸುರಿದೇ ಗೆದ್ದರು. ಕಾರಣ, ಅವರ ಗುರಿಯ ದೂರ ಕಡಿಮೆ. ಸೆಕೆಂಡಿಗೆ 3600 ಅಡಿಯ ಗುಂಡಿನ ವೇಗದಲ್ಲಿ 30 ಅಡಿ ಏರುಪೇರಾದರೆ 100 ಗಜದಲ್ಲಿ ಬೀಳುವ ವ್ಯತ್ಯಾಸ ಒಂದು ಮಿಲಿಮೀಟರಿಗೂ ಕಡಿಮೆ. 400 ಗಜದಲ್ಲಿ ಅದು ಒಂದು ಸೆಂಟಿಮೀಟರ್ ದಾಟುತ್ತದೆ. ಇನ್ನು ಗಾಳಿ: ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ ಅದೇ ಹಗುರ ಗುಂಡನ್ನು 400 ಗಜದಲ್ಲಿ ಒಂದು ಅಡಿಗೂ ಮಿಕ್ಕಿ ಪಕ್ಕಕ್ಕೆ ಒಯ್ಯುತ್ತದೆ. ಗಾಳಿ ಓದಲು ಬಾರದವನಿಗೆ ತಕ್ಕಡಿಯ ಸೂಕ್ಷ್ಮತೆಯಿಂದ ಸಿಗುವ ಲಾಭ ಅಷ್ಟಕ್ಕಷ್ಟೆ.

ಇಷ್ಟನ್ನೂ ಮನೆಯಲ್ಲೇ ಅಳೆಯಲಾದದ್ದು ಟೆಕ್ಸಾಸ್‌ನ ಕೆನ್ ಓಹ್ಲರ್ ಮೊದಲಾದವರು ವೇಗಮಾಪಕವನ್ನು ಹವ್ಯಾಸಿಗಳ ಕೈಗೆಟುಕಿಸಿದ ಮೇಲೆ. ಅದಕ್ಕೆ ಮುನ್ನ ವೇಗ ಎಂದರೆ ಊಹೆ, ಒತ್ತಡ ಎಂದರೆ ಇನ್ನೂ ದೊಡ್ಡ ಊಹೆ. ಆ ಊಹೆಗೆ ಕೈ, ಕಣ್ಣು ಕಳೆದುಕೊಂಡವರಿದ್ದಾರೆ. ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅಚ್ಚುಹಾಕಿದ ಕೈಪಿಡಿಯ ಮಿತಿಯನ್ನು ದಾಟಬಾರದೆಂಬ ಶಿಸ್ತು ಈ ಕ್ಷೇತ್ರ ಬೆಲೆ ತೆತ್ತು ಕಲಿತದ್ದು. ಮಲೆನಾಡು, ಕೊಡಗಿನಲ್ಲಿ ಕೇಪಿನ ಕೋವಿಗೆ ಮದ್ದು, ಚರೆ ಅಳೆದು ಜಡಿಯುತ್ತಿದ್ದ ಹಿರಿಯರಿಗೂ ಈ ಶಿಸ್ತು ಗೊತ್ತಿತ್ತು. ರೈಫಲ್ ತೋಟಾದ ಮಾತು ಬೇರೆ. 1959ರ ಆಯುಧ ಕಾಯ್ದೆಯಡಿ ನಮ್ಮಲ್ಲಿ ಮದ್ದುಗುಂಡು ತಯಾರಿಕೆಗೆ ಪರವಾನಗಿ ಬೇಕು, ಹಾಗಾಗಿ ಇಲ್ಲಿ ಇದು ಮನೆಯ ಹವ್ಯಾಸವಾಗಿ ಬೆಳೆದಿಲ್ಲ.

ಈಚಿನ ವರ್ಷಗಳ ಮುಖ್ಯ ಬೆಳವಣಿಗೆ ಲೋಹದಲ್ಲಿ ಆದದ್ದಲ್ಲ, ಲೆಕ್ಕದಲ್ಲಿ ಆದದ್ದು. ಮೂರು ಗುಂಡು ಹಾರಿಸಿ, ಒತ್ತಾಗಿ ಬಿದ್ದರೆ ‘ಈ ಮದ್ದೇ ಸರಿ’ ಎಂದು ತೀರ್ಮಾನಿಸುವುದು ದೊಡ್ಡ ಸಂಪ್ರದಾಯ. ಸಂಖ್ಯಾಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಅದೇ ರೈಫಲ್, ಅದೇ ತೋಟಾದಲ್ಲಿ ಹತ್ತು ಗುಂಡುಗಳ ಹರವು ಮೂರು ಗುಂಡುಗಳ ಹರವಿಗಿಂತ ಸರಾಸರಿ ಒಂದೂವರೆ ಪಟ್ಟು ದೊಡ್ಡದಿರುತ್ತದೆ. ಏನೂ ಬದಲಿಸದೆ ಹಾರಿಸಿದ ಮೂರು ಗುಂಡುಗಳ ಒಂದು ಗುಂಪು ಇನ್ನೊಂದರ ಎರಡು ಪಟ್ಟಿರುವುದೂ ಸಾಮಾನ್ಯ. ಮದ್ದನ್ನು ಹಂತಹಂತವಾಗಿ ಏರಿಸಿ ಒಂದೊಂದೇ ಗುಂಡು ಹಾರಿಸಿ ‘ಸ್ಥಿರವಾದ ಹಂತ’ ಹುಡುಕುವ, ಕ್ರೈಟನ್ ಆಡೆಟ್ ಹೆಸರಿನೊಂದಿಗೆ ಸೇರಿದ ಏಣಿ ಪರೀಕ್ಷೆಯೂ ಈ ಪ್ರಶ್ನೆ ಎದುರಿಸಬೇಕಾಗಿದೆ. ಹಳಬರಲ್ಲಿ ಹಲವರಿಗೆ ಇದು ನೋವಿನ ಮಾತು. ಸೋತ ಪ್ರಯೋಗಗಳನ್ನು ಮುಚ್ಚಿಡದ ಮ್ಯಾನ್ ಇದನ್ನು ಸ್ವಾಗತಿಸುತ್ತಿದ್ದರು ಎಂದು ನನಗನ್ನಿಸುತ್ತದೆ.

ಗುರಿಯಾಚೆಗೂ ಒಂದು ಲೆಕ್ಕವಿದೆ. ವಾರ್ಮಿಂಟ್ ಗುಂಡು ತಾಗಿದ ಕೂಡಲೇ ಪುಡಿಯಾಗುವಂತೆ ರೂಪಿಸಿದ್ದು. ನೆಲಕ್ಕೆ ತಾಗಿ ಪುಟಿಯಬಾರದು, ಪ್ರಾಣಿ ನರಳಬಾರದು ಎಂಬ ಒಳ್ಳೆಯ ಉದ್ದೇಶ ಅದರ ಹಿಂದಿದೆ. ಆದರೆ ಪುಡಿಯಾದ ಸೀಸ ಕಳೇಬರದಲ್ಲೇ ಉಳಿಯುತ್ತದೆ. ಪ್ರೇರಿ ಡಾಗ್ ಕಳೇಬರಗಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟವಾದ ಅಧ್ಯಯನ, ಹಿಗ್ಗಿ ಒಡೆಯುವ ಗುಂಡು ತಾಗಿದ ಬಹುಪಾಲು ಕಳೇಬರಗಳಲ್ಲಿ ಸೀಸದ ಚೂರುಗಳನ್ನು ಕಂಡಿತು. ಅವನ್ನು ತಿನ್ನುವುದು ಹದ್ದು, ಗಿಡುಗಗಳು. ನಶಿಸಿತೆಂದೇ ಎಣಿಸಿದ್ದು 1981ರಲ್ಲಿ ವಯೋಮಿಂಗ್‌ನ ಮಿಟೀಟ್ಸಿ ಬಳಿ ಮತ್ತೆ ಕಂಡ ಕರಿಗಾಲಿನ ಫೆರೆಟ್ ಕೂಡ ಬದುಕುವುದು ಪ್ರೇರಿ ಡಾಗ್‌ನಿಂದಲೇ. ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿದೆ. ಅದು ಸರಿಯಾದ ಹೆಜ್ಜೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಹೀಗೆ ತೋಟಾ ತುಂಬುವವರ ಬೆಂಚಿಗೆ ಹೊಸ ಕೆಲಸ ಬಂದಿದೆ. ತಾಮ್ರದ ಸಾಂದ್ರತೆ ನೀರಿನ ಸುಮಾರು 9 ಪಟ್ಟು, ಸೀಸದ್ದು 11 ಪಟ್ಟಿಗೂ ಹೆಚ್ಚು. ಅದೇ ತೂಕದ ತಾಮ್ರದ ಗುಂಡು ಉದ್ದವಾಗುತ್ತದೆ, ಉದ್ದ ಗುಂಡು ವಾಲದೆ ಸಾಗಲು ಹೆಚ್ಚು ಬೇಗ ತಿರುಗಬೇಕು. 14 ಇಂಚಿಗೆ ಒಂದು ಸುತ್ತಿನ ತೋಡಿರುವ ಹಳೆಯ .222, .22-250 ನಳಿಗೆಗಳು ಅದನ್ನು ತಿರುಗಿಸಲಾರವು. ಅವನ್ನು ಇಟ್ಟುಕೊಂಡವರು ಹಗುರವಾದ, ಗಿಡ್ಡನೆಯ ತಾಮ್ರದ ಗುಂಡುಗಳಿಗೆ ಮತ್ತೆ ಮೊದಲಿನಿಂದ ಮದ್ದು ಹೊಂದಿಸುತ್ತಿದ್ದಾರೆ. ಹೊಸ ನಳಿಗೆ ಕೂರಿಸುವವರು ಎಂಟು, ಏಳು ಇಂಚಿನ ಸುತ್ತನ್ನು ಕೇಳುತ್ತಿದ್ದಾರೆ. 2024ರಲ್ಲಿ ಬಂದ .22 ಎಆರ್‌ಸಿಯಂಥ ತೋಟಾಗಳು ಮೊದಲಿನಿಂದಲೇ ಆ ಬಿರುಸಿನ ಸುತ್ತಿಗೆ, ಉದ್ದನೆಯ ಗುಂಡಿಗೆ ಅಳವಟ್ಟವು.