ಕೀಲಿನ ಮೃದ್ವಸ್ಥಿಯಲ್ಲಿ ದ್ರವಚಲನೆಯ ಚಿತ್ರಣ

ಮಂಡಿ, ಸೊಂಟ ಮೊದಲಾದ ಕೀಲುಗಳಲ್ಲಿ ಮೂಳೆಯ ತುದಿಯನ್ನು ಹೊದ್ದಿರುವ ಮೃದ್ವಸ್ಥಿಯೊಳಗೆ ನೀರು ಹೇಗೆ ನೆಲೆಸಿದೆ, ಭಾರ ಬಿದ್ದಾಗ ಎತ್ತ ಜರುಗುತ್ತದೆ, ಭಾರ ಇಳಿದ ಮೇಲೆ ಎಷ್ಟು ಹೊತ್ತಿಗೆ ಮರಳುತ್ತದೆ ಎಂಬುದನ್ನು ಕೊಯ್ಯದೆಯೇ ಅಳೆಯುವ ವಿಧಾನಗಳ ಸಮೂಹ. ಆಸ್ಟಿಯೊಆರ್ಥ್ರೈಟಿಸ್, ಅಂದರೆ ಆಡುಮಾತಿನ ‘ಮಂಡಿ ಸವೆತ’ದಂಥ ರೋಗದ ಅಧ್ಯಯನದಲ್ಲಿ ಇದರ ಮಹತ್ವ ಹೆಚ್ಚು. ‘ಸವೆತ’ ಎಂಬ ಮಾತು ರೋಗದ ಕೊನೆಯ ಘಟ್ಟವನ್ನಷ್ಟೇ ಹೇಳುತ್ತದೆ. ಮೃದ್ವಸ್ಥಿ ತೆಳುವಾಗುವುದಕ್ಕೆ ಬಹಳ ಮೊದಲೇ ನೀರಿನ ಮೇಲೆ ಅದಕ್ಕಿದ್ದ ಹಿಡಿತ ಸಡಿಲಗೊಂಡಿರುತ್ತದೆ.

ಮೃದ್ವಸ್ಥಿಯ ತೂಕದಲ್ಲಿ ಶೇಕಡಾ 65ರಿಂದ 80ರಷ್ಟು ನೀರೇ. ಅದರಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ಜೀವಕೋಶಗಳಿಗೆ ಆಹಾರ ತಲುಪುವುದು ಮುಖ್ಯವಾಗಿ ಕೀಲುದ್ರವದ ಮೂಲಕ. ಉಳಿದ ಭಾಗ ಕೊಲಾಜನ್ ನಾರುಗಳ ಬಲೆ ಮತ್ತು ಆ ಬಲೆಯಲ್ಲಿ ಸಿಕ್ಕಿಕೊಂಡಿರುವ ಪ್ರೋಟಿಯೊಗ್ಲೈಕನ್ ಎಂಬ ದೊಡ್ಡ ಅಣುಗಳು. ಈ ಅಣುಗಳ ಮೇಲಿನ ಋಣವಿದ್ಯುದಂಶ ಸೋಡಿಯಮ್ ಅಯಾನುಗಳನ್ನು ಸೆಳೆಯುತ್ತದೆ, ಅವುಗಳೊಂದಿಗೆ ನೀರೂ ಬಂದು ನಿಲ್ಲುತ್ತದೆ. ಉಬ್ಬಲು ಹವಣಿಸುವ ಪ್ರೋಟಿಯೊಗ್ಲೈಕನ್, ಉಬ್ಬಗೊಡದ ಕೊಲಾಜನ್: ಇವೆರಡರ ಎಳೆದಾಟವೇ ಮೃದ್ವಸ್ಥಿಯ ಬಿಗುವು.

ಕೇಂಬ್ರಿಜ್‌ನ ಮೆಕಚನ್ 1959ರಲ್ಲಿ ಮೃದ್ವಸ್ಥಿಯನ್ನು ದ್ರವ ತುಂಬಿದ ಸ್ಪಂಜಿಗೆ ಹೋಲಿಸಿದರು. 1980ರಲ್ಲಿ ವ್ಯಾನ್ ಮೌ ಮತ್ತು ಸಂಗಡಿಗರು ಘನ ಹಾಗೂ ದ್ರವ ಎರಡನ್ನೂ ಸೇರಿಸಿ ಲೆಕ್ಕಹಾಕುವ ‘ದ್ವಿಪ್ರಾವಸ್ಥಾ ಸಿದ್ಧಾಂತ’ವನ್ನು ಮುಂದಿಟ್ಟರು. ಅಂಗಡಿಯ ಸ್ಪಂಜಿಗೂ ಮೃದ್ವಸ್ಥಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಮೃದ್ವಸ್ಥಿಯ ರಂಧ್ರಗಳು ಕೆಲವೇ ನ್ಯಾನೊಮೀಟರ್ ಅಗಲದವು. ನೀರು ಅವುಗಳಿಂದ ಬೇಗ ನುಸುಳಿ ಹೊರಬರಲಾರದು. ಆದ್ದರಿಂದ ಹೆಜ್ಜೆ ಊರಿದ ಕ್ಷಣದಲ್ಲಿ ಭಾರದ ಬಹುಪಾಲನ್ನು ಸಿಕ್ಕಿಬಿದ್ದ ನೀರಿನ ಒತ್ತಡವೇ ಹೊರುತ್ತದೆ, ನಾರುಗಳ ಮೇಲೆ ಬೀಳುವುದು ಸ್ವಲ್ಪ ಮಾತ್ರ. ರೋಗದ ಆರಂಭದಲ್ಲಿ ಕೊಲಾಜನ್ ಬಲೆ ಸಡಿಲವಾಗುತ್ತದೆ, ಪ್ರೋಟಿಯೊಗ್ಲೈಕನ್ ಸೋರಿಹೋಗತೊಡಗುತ್ತದೆ. ಆಗ ಮೃದ್ವಸ್ಥಿಯಲ್ಲಿ ನೀರಿನ ಅಂಶ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಆದರೆ ಆ ನೀರು ಸುಲಭವಾಗಿ ಜಾರಿಹೋಗುವುದರಿಂದ ಭಾರವೆಲ್ಲ ನಾರುಗಳ ಮೇಲೆ ಬಿದ್ದು ಅವು ಇನ್ನಷ್ಟು ಹರಿಯುತ್ತವೆ. ನೀರು ಎಷ್ಟಿದೆ ಎಂಬುದಕ್ಕಿಂತ ಅದು ಎಷ್ಟು ಬಿಗಿಯಾಗಿ ನಿಂತಿದೆ ಎಂಬುದೇ ಇಲ್ಲಿ ಮುಖ್ಯ.

ಎಕ್ಸ್‌ರೇಯಲ್ಲಿ ಇದಾವುದೂ ಕಾಣದು. ‘ಮಂಡಿಯ ಗ್ಯಾಪ್ ಕಡಿಮೆಯಾಗಿದೆ’ ಎಂದು ವೈದ್ಯರು ತೋರಿಸುವ ಖಾಲಿ ಜಾಗವೇ ಮೃದ್ವಸ್ಥಿ ಇರುವ ಸ್ಥಳ. 1957ರ ಕೆಲ್‌ಗ್ರೆನ್–ಲಾರೆನ್ಸ್ ಶ್ರೇಣಿ ಆ ಜಾಗ ಕಿರಿದಾದದ್ದನ್ನೂ ಮೂಳೆಯ ಅಂಚಿನಲ್ಲಿ ಮುಳ್ಳು ಮೂಡಿದ್ದನ್ನೂ ನೋಡಿ ರೋಗವನ್ನು ಅಳೆಯುತ್ತದೆ. ಅಷ್ಟು ಹೊತ್ತಿಗೆ ಕಳೆದುಕೊಂಡದ್ದು ಮರಳುವುದಿಲ್ಲ.

ನೀರಿನ ಹೈಡ್ರೊಜನ್‌ನಿಂದಲೇ ಸಂಕೇತ ಪಡೆಯುವ ಎಂಆರ್‌ಐ ಈ ಕೆಲಸಕ್ಕೆ ಸಹಜವಾಗಿ ಒದಗಿತು. ಸಂಕೇತ ಆರಲು ಹಿಡಿಯುವ ಸಮಯವನ್ನು ತೋರಿಸುವ ಟಿ2 ನಕ್ಷೆಯಲ್ಲಿ ಬಿಗಿಯಾಗಿ ನಿಂತ ನೀರಿನ ಸಂಕೇತ ಬೇಗ ಆರುತ್ತದೆ, ಸಡಿಲ ನೀರಿನದು ತಡವಾಗಿ. ಕೊಲಾಜನ್ ನಾರುಗಳು ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾಗಿದ್ದರೆ ಆರೋಗ್ಯವಂತ ಮೃದ್ವಸ್ಥಿಯೂ ರೋಗಗ್ರಸ್ತದಂತೆ ಕಾಣಬಹುದು. ಚಿತ್ರ ಓದುವವರು ಇದನ್ನು ಮರೆಯುವಂತಿಲ್ಲ. ವಿಸರಣ ಚಿತ್ರಣ ನೀರಿನ ಅಣುಗಳ ಅಡ್ಡಾಟವನ್ನು ಅಳೆಯುತ್ತದೆ. ಬಲೆ ಹರಿದಷ್ಟೂ ಅವುಗಳಿಗೆ ಅಡೆತಡೆ ಕಡಿಮೆ. ‘ಡಿಜೆಮ್‌ರಿಕ್’ ವಿಧಾನದಲ್ಲಿ ಋಣವಿದ್ಯುದಂಶವುಳ್ಳ ಗ್ಯಾಡೊಲಿನಿಯಮ್ ಸಂಯುಕ್ತವನ್ನು ರಕ್ತನಾಳಕ್ಕೆ ಚುಚ್ಚಿ, ರೋಗಿಯನ್ನು ಸ್ವಲ್ಪ ಹೊತ್ತು ನಡೆಸಿ, ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಚಿತ್ರ ತೆಗೆಯುತ್ತಾರೆ. ಪ್ರೋಟಿಯೊಗ್ಲೈಕನ್ ಗಟ್ಟಿಯಾಗಿರುವೆಡೆ ಅದನ್ನು ಹೊರದೂಡುತ್ತದೆ, ಕಳೆದುಹೋಗಿರುವೆಡೆ ಅದು ಒಳಹೊಗುತ್ತದೆ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಗ್ಯಾಡೊಲಿನಿಯಮ್ ಅಪಾಯ ತರಬಹುದಾದ್ದರಿಂದ ಎಚ್ಚರ ಬೇಕು. ಚುಚ್ಚುಮದ್ದಿಲ್ಲದೆ ಸೋಡಿಯಮ್ಮನ್ನೇ ನೇರವಾಗಿ ನೋಡುವ ಎಂಆರ್‌ಐ ಕೂಡ ಇದೆ. ಅದರ ಸಂಕೇತ ತೀರ ಕ್ಷೀಣ. ಶಕ್ತಿಯುತ ಕಾಂತ, ಸಂಕೇತ ಹಿಡಿಯಲು ಬೇರೆಯೇ ಕಾಯಿಲ್ (ತಂತಿಸುರುಳಿ) ಬೇಕಾಗುತ್ತವೆ.

ಇವುಗಳಲ್ಲಿ ಯಾವುದೂ ಹರಿವನ್ನೇ ಹಿಡಿದು ತೋರಿಸುವುದಿಲ್ಲ. ಮೃದ್ವಸ್ಥಿಯಲ್ಲಿ ನೀರಿನ ಹರಿವು ಎಷ್ಟು ನಿಧಾನವೆಂದರೆ, ಭಾರ ಹಾಕುವ ಮೊದಲಿನ ಹಾಗೂ ನಂತರದ ಚಿತ್ರಗಳನ್ನು ಹೋಲಿಸಿಯೇ ಅದನ್ನು ಊಹಿಸಬೇಕು. ಈ ದಾರಿಯಲ್ಲಿ ಮೆಚ್ಚಬೇಕಾದ ಸರಳ ಪ್ರಯೋಗವೊಂದನ್ನು ಜರ್ಮನಿಯ ಫೆಲಿಕ್ಸ್ ಎಕ್‌ಸ್ಟೈನ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದರು. ಆರೋಗ್ಯವಂತರಿಂದ 50 ಬಸ್ಕಿ ಹೊಡೆಸಿ ಕೂಡಲೇ ಎಂಆರ್‌ಐ ತೆಗೆದಾಗ ಮಂಡಿಚಿಪ್ಪಿನ ಮೃದ್ವಸ್ಥಿಯ ಗಾತ್ರ ಸುಮಾರು ಶೇಕಡಾ 6ರಷ್ಟು ಕುಗ್ಗಿತ್ತು. ಹಿಂಡಿಹೋದ ನೀರು ಮರಳಲು ಒಂದೂವರೆ ಗಂಟೆಗೂ ಹೆಚ್ಚು ಹಿಡಿಯಿತು. ಹೀಗಾಗಿ ರೋಗಿ ಸ್ಕ್ಯಾನಿಗೆ ಮೆಟ್ಟಿಲೇರಿ ಬಂದರೋ, ಕುಳಿತು ವಿಶ್ರಮಿಸಿ ಬಂದರೋ ಎಂಬುದೂ ಅಳತೆಯನ್ನು ಬದಲಿಸಬಲ್ಲದು.

ಅಮೆರಿಕದಲ್ಲಿ 2004ರಲ್ಲಿ ಆರಂಭವಾದ ‘ಆಸ್ಟಿಯೊಆರ್ಥ್ರೈಟಿಸ್ ಇನಿಶಿಯೇಟಿವ್’ 45ರಿಂದ 79 ವರ್ಷದ 4,796 ಮಂದಿಯನ್ನು ಹಲವು ವರ್ಷ ಹಿಂಬಾಲಿಸಿ, ಟಿ2 ಅಳತೆಗಳನ್ನೂ ಒಳಗೊಂಡ ಭಾರೀ ಚಿತ್ರಸಂಗ್ರಹವನ್ನು ಕಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನರಿಗೆ ಈ ರೋಗವಿತ್ತು. ಹೊಸ ಔಷಧಗಳ ಪರಿಣಾಮವನ್ನು ಬೇಗ ತಿಳಿಯಬೇಕಾದರೆ ಮೃದ್ವಸ್ಥಿ ತೆಳುವಾಗುವ ತನಕ ಕಾಯುವುದು ಕಷ್ಟ, ನೀರಿನ ಅಳತೆಯೇ ಬೇಕು. ಸದ್ಯ ಈ ವಿಧಾನಗಳ ನೆಲೆ ಬಹುಮಟ್ಟಿಗೆ ಸಂಶೋಧನೆ. ಮಂಡಿನೋವಿನಿಂದ ಬಳಲುವ ಸಾಮಾನ್ಯ ರೋಗಿಗೆ ವೈದ್ಯರ ಪರೀಕ್ಷೆ, ಅಗತ್ಯವಿದ್ದರೆ ನಿಂತು ತೆಗೆಸಿದ ಎಕ್ಸ್‌ರೇ, ಇಷ್ಟೇ ಸಾಕು.