ಸ್ಮಾರಕ ಕಲ್ಲುಬೆಂಚು

ಸ್ಮಾರಕ ಕಲ್ಲುಬೆಂಚು: ಗತಿಸಿದ ಆಪ್ತರ ನೆನಪಿಗಾಗಿ ಅವರ ಕುಟುಂಬದವರು ದೇವಾಲಯದ ಪ್ರಾಕಾರ, ಕೆರೆಯ ಏರಿ, ಉದ್ಯಾನ, ಬಸ್ಸು ನಿಲ್ಲುವ ತಾಣ, ಆಸ್ಪತ್ರೆಯ ಅಂಗಳ ಮೊದಲಾದ ಸಾರ್ವಜನಿಕ ಸ್ಥಳಗಳಲ್ಲಿ ಹೆಸರು ಬರೆಸಿ ಇರಿಸುವ ಆಸನ. ಅರ್ಬುದರೋಗದಿಂದ, ಎಂದರೆ ಕ್ಯಾನ್ಸರಿನಿಂದ, ಅಗಲಿದವರ ಸ್ಮರಣಾರ್ಥವಾಗಿ ಇಂತಹ ಆಸನವನ್ನು ಅರ್ಪಿಸುವುದುಂಟು. ಉದ್ಯಾನದ ಬೆಂಚಿಗೆ ಮೃತರ ಹೆಸರಿನ ಫಲಕವನ್ನು ಜೋಡಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಬಹುವಾಗಿ ರೂಢಿಯಲ್ಲಿದೆಯಾದರೂ, ಕಲ್ಲಿನಲ್ಲಿ ಹೆಸರನ್ನು ನಿಲ್ಲಿಸುವುದು, ಮೃತರ ಹೆಸರಿನಲ್ಲಿ ದಾರಿಗನ ಆಯಾಸವನ್ನು ಕಳೆಯುವುದು ಎಂಬ ಎರಡು ಭಾವಗಳೂ ಕನ್ನಡನಾಡಿನಲ್ಲಿ ಪುರಾತನವಾದವು.

ಪೂರ್ವರೂಪಗಳು

ಮೊದಲನೆಯ ಭಾವಕ್ಕೆ ಹೋರಾಡಿ ಮಡಿದವರ ವೀರಗಲ್ಲು, ಸಹಗಮನ ಮಾಡಿದವರ ಮಾಸ್ತಿಕಲ್ಲು, ಸಮಾಧಿಮರಣವನ್ನು ಪಡೆದ ಜೈನರ ನಿಷಿಧಿಗಲ್ಲುಗಳು ಸಾಕ್ಷಿಯಾಗಿವೆ. ಕ್ರಿ. ಶ. 949-50ರ ಆತಕೂರಿನ ಶಾಸನವು ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯನ್ನು ಸ್ಮರಿಸುತ್ತದೆ. ಪ್ರೀತಿಪಾತ್ರವಾದ ಜೀವಕ್ಕೆ ಕಲ್ಲು ನೆಡಿಸುವಲ್ಲಿ ನಮ್ಮ ಪೂರ್ವಿಕರು ಕುಲಗೋತ್ರಗಳನ್ನು ವಿಚಾರಿಸಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಕಡೂರಿನ 971ರ ಸ್ತಂಭಶಾಸನವು ಗಂಗದೊರೆ ಬೂತುಗನ ಅಕ್ಕನಾದ ಪಾಂಬಬ್ಬೆಯು ಅರಸುಮನೆಯ ಭೋಗವನ್ನು ತೊರೆದು 30 ವರ್ಷ ತಪಸ್ಸಿನಲ್ಲಿದ್ದು ದೇಹವನ್ನು ಬಿಟ್ಟುದನ್ನು ತಿಳಿಸುತ್ತದೆ. ಹನ್ನೆರಡನೆಯ ಶತಮಾನದ ಆದಿಯಲ್ಲಿ ಹೊಯ್ಸಳರ ದಂಡನಾಯಕ ಗಂಗರಾಜನು ಸಮಾಧಿಮರಣವನ್ನು ಪಡೆದ ತನ್ನ ಪತ್ನಿ ಲಕ್ಷ್ಮೀಮತಿಗೆ ಶ್ರವಣಬೆಳಗೊಳದಲ್ಲಿ ನಿಷಿಧಿಯನ್ನು ಮಾಡಿಸಿದನು.

ಎರಡನೆಯ ಭಾವವು ಅರವಟ್ಟಿಗೆ, ಸಾಲುಮರ, ಅಶ್ವತ್ಥಕಟ್ಟೆಗಳಲ್ಲಿ ತೋರಿಬರುತ್ತದೆ. ಇವೆಲ್ಲಕ್ಕಿಂತ ಬೆಂಚಿಗೆ ಸಮೀಪದ ಬಂಧು ಹೊರೆಗಲ್ಲು. ನೆಟ್ಟ ಎರಡು ಕಲ್ಲುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿಯನ್ನಿರಿಸಿದರೆ, ತಲೆಹೊರೆಯವನು ಬೇರೊಬ್ಬರ ಸಹಾಯವಿಲ್ಲದೆ ಹೊರೆಯನ್ನಿಳಿಸಿ, ದಣಿವಾರಿದ ಮೇಲೆ ತಾನೇ ಮತ್ತೆ ಹೊತ್ತುಕೊಳ್ಳಬಹುದು. ತಮಿಳುನಾಡಿನಲ್ಲಿ ಸುಮೈತಾಂಗಿಯೆನಿಸಿಕೊಳ್ಳುವ ಇದನ್ನು ಬಸುರಿಯಾಗಿದ್ದಾಗಲೇ ಗತಿಸಿದ ಹೆಣ್ಣಿನ ನೆನಪಿಗೆ ನಿಲ್ಲಿಸುವ ಸಂಪ್ರದಾಯವುಂಟು. ಆಕೆ ಇಳಿಸಲಾರದೆ ಹೋದ ಭಾರವನ್ನು ಪರರಾದರೂ ಇಳಿಸಲಿ ಎಂಬುದು ಅದರ ಆಶಯ. ಮೃತರು ಯಾವ ಬಗೆಯ ಸಂಕಟವನ್ನು ಅನುಭವಿಸಿದರೋ ಅದಕ್ಕೆ ಅನುರೂಪವಾದ ಉಪಶಮನವನ್ನು ಬದುಕಿರುವವರಿಗೆ ಒದಗಿಸುವುದೇ ಸ್ಮರಣೆಯ ಉತ್ತಮ ಮಾರ್ಗವೆಂಬ ಈ ವಿವೇಕವೇ ಸ್ಮಾರಕ ಬೆಂಚಿಗೂ ಆಧಾರವಾಗಿದೆ.

ಅರ್ಬುದ ಮತ್ತು ಸ್ಮಾರಕ

ಈ ವಿವೇಕದ ಅತಿ ವಿಶಾಲವಾದ ನಿದರ್ಶನವೊಂದು ಮೈಸೂರು ಸಂಸ್ಥಾನಕ್ಕೂ ಸಂಬಂಧಿಸಿದುದು. ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಉನ್ನತಾಧಿಕಾರಿಯಾಗಿದ್ದ ಎಚ್. ಜೆ. ಭಾಭಾ ಅವರ ಪುತ್ರಿ ಮೆಹರ್‌ಬಾಯಿಯನ್ನು ದೊರಾಬ್ಜಿ ಟಾಟಾ ಅವರು 1898ರಲ್ಲಿ ವಿವಾಹವಾದರು. ಆಕೆ 1931ರಲ್ಲಿ ರಕ್ತದ ಅರ್ಬುದದಿಂದ ತೀರಿಕೊಳ್ಳಲು, ಪತಿಯು ಮರುವರ್ಷ ಆ ವ್ಯಾಧಿಯ ಸಂಶೋಧನೆಗಾಗಿ ಆಕೆಯ ಹೆಸರಿನಲ್ಲಿ ನಿಧಿಯನ್ನು ಸ್ಥಾಪಿಸಿ, ಅದೇ ವರ್ಷ ತಾವೂ ಅಸ್ತಂಗತರಾದರು. ಅವರ ದತ್ತಿಯಿಂದ 1941ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಉದಿಸಿತು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾಗಿ 1980ರಲ್ಲಿ ಸ್ವಾಯತ್ತತೆಯನ್ನು ಪಡೆದ, ಅರ್ಬುದ ಚಿಕಿತ್ಸೆಯ ಕಿದ್ವಾಯಿ ಸಂಸ್ಥೆಯೂ ರಾಷ್ಟ್ರನಾಯಕ ರಫಿ ಅಹಮದ್ ಕಿದ್ವಾಯಿ ಅವರ ಸ್ಮಾರಕವೇ ಆಗಿದೆ.

ಆಸ್ಪತ್ರೆ ಕಟ್ಟಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಬೆಂಚನ್ನು ಹಾಕಿಸುವ ಶಕ್ತಿ ಸಾಮಾನ್ಯ ಸಂಸಾರಕ್ಕೂ ಇರುತ್ತದೆ. ಔಷಧೋಪಚಾರದಿಂದ ಬಳಲಿದ ರೋಗಿಗೆ ನಾಲ್ಕು ಹೆಜ್ಜೆ ನಡೆಯುವುದರೊಳಗಾಗಿ ಕುಳಿತುಕೊಳ್ಳಬೇಕೆನಿಸುವುದು, ವಿಕಿರಣ ಚಿಕಿತ್ಸೆಯ ಸರದಿಗಾಗಿ ಜೊತೆಯವರು ಗಂಟೆಗಟ್ಟಲೆ ಕಾಯಬೇಕಾಗುವುದು ಇವೆರಡನ್ನೂ ಕಂಡುಂಡ ಮನೆಯವರಿಗೆ ಒಂದು ಆಸನದ ಬೆಲೆ ಏನೆಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ರಚನೆ ಮತ್ತು ಒಕ್ಕಣೆ

ಎರಡು ಕಾಲುಗಲ್ಲುಗಳ ಮೇಲೆ ಚಪ್ಪಡಿಯನ್ನು ಕೂರಿಸುವುದು ಸರಳವಾದ ಕ್ರಮ. ಅಚ್ಚಿನಲ್ಲಿ ಎರಕ ಹೊಯ್ದ ಸಿಮೆಂಟಿನ ಬೆಂಚುಗಳೂ ಬಳಕೆಯಲ್ಲಿವೆ. ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರವಿದ್ದರೆ ವೃದ್ಧರಿಗೂ ರೋಗಿಗಳಿಗೂ ಎದ್ದು ಕೂರಲು ಅನುಕೂಲ. ಒರಗುವ ಬೆನ್ನೂ ತೋಳಿಗೆ ಆಸರೆಯೂ ಇದ್ದರೆ ಮತ್ತೂ ಲೇಸು. ಮಳೆಯ ನೀರು ನಿಲ್ಲದಂತೆ ಚಪ್ಪಡಿಗೆ ತುಸು ಇಳಿಜಾರನ್ನು ಕೊಡಬೇಕು.

ಮೇಲೆ 'ದಿವಂಗತ' ಎಂಬ ಮಾತಿನಿಂದ ಮೊದಲಾಗಿ ಮೃತರ ಹೆಸರು, ಜನನ ಮರಣಗಳ ದಿನಾಂಕ, 'ಇವರ ಜ್ಞಾಪಕಾರ್ಥ', ಕೆಳಗೆ 'ಮಕ್ಕಳು ಮತ್ತು ಮೊಮ್ಮಕ್ಕಳ ಸೇವೆ' ಎಂದು ಒಕ್ಕಣೆ ಸಾಗುತ್ತದೆ. ರೋಗದ ಹೆಸರನ್ನು ನಮೂದಿಸುವ ಅಗತ್ಯವಿಲ್ಲ. ಕುಳಿತವರಿಗೆ ತಿಳಿಯಬೇಕಾದುದು ಬಾಳಿದವರ ಹೆಸರು. ಬಣ್ಣದಲ್ಲಿ ಬರೆದ ಅಕ್ಷರಗಳು ಕುಳಿತವರ ಬೆನ್ನು ಉಜ್ಜಿ ಉಜ್ಜಿ ನಡುವಿನಿಂದಲೇ ಮಾಸತೊಡಗುತ್ತವೆಯಾದುದರಿಂದ, ಕೆತ್ತಿದ ಅಕ್ಷರಗಳೂ, ಅವನ್ನು ಒರಗುವೆಡೆಯನ್ನು ಬಿಟ್ಟು ಮೇಲಂಚಿನಲ್ಲಿ ಕೆತ್ತಿಸುವುದೂ ಶ್ರೇಯಸ್ಕರ.

ದೇವನೂರಿನ ಪರಿಸರದಲ್ಲಿ

ಬೆಂಚಿಗೆ ನೆಲೆಯನ್ನು ಆರಿಸುವ ಬಗೆಗೆ ಒಂದು ಊರನ್ನು ಉದಾಹರಣೆಯಾಗಿ ನೋಡಬಹುದು. ಕಡೂರು ತಾಲ್ಲೂಕಿನ ದೇವನೂರು ಜೈಮಿನಿ ಭಾರತದ ಕರ್ತೃವಾದ ಲಕ್ಷ್ಮೀಶನ ಊರೆಂದು ಪ್ರಖ್ಯಾತವಾಗಿದೆ. ಆರಾಧ್ಯದೈವವಾದ ದೇವಪುರದ ಲಕ್ಷ್ಮೀರಮಣನನ್ನು ಕಾವ್ಯದ ಅಂಕಿತವಾಗಿಸಿದ ಕವಿಯಿಂದಾಗಿ ಊರೂ ದೈವವೂ ಗಮಕಿಗಳ ಬಾಯಲ್ಲಿ ನಾಡೆಲ್ಲ ಸಂಚರಿಸಿದವು. ಹೆಸರನ್ನುಳಿಸುವುದಕ್ಕೆ ಕಲ್ಲೊಂದೇ ಸಾಧನವಲ್ಲವೆಂಬುದನ್ನು ಈ ಗ್ರಾಮವು ಬಲ್ಲದು. ಆದರೂ ದೇವಾಲಯದ ಆವರಣ, ಊರ ಮುಂದಿನ ಕಟ್ಟೆಯ ಬದಿ, ಬಸ್ಸು ಹತ್ತುವೆಡೆ ಇವು ಇಂತಹ ಬೆಂಚಿಗೆ ಸಹಜವಾದ ನೆಲೆಗಳು. ಬೆಂಗಳೂರಿನ ಚಿಕಿತ್ಸೆಗೆ ಹೊರಟ ಗ್ರಾಮಸ್ಥನು ಹುಬ್ಬಳ್ಳಿ ಮಾರ್ಗದ ಕಡೂರು ನಿಲ್ದಾಣದಲ್ಲಿ ರೈಲನ್ನು ಹಿಡಿಯುವುದಾದರೆ, ಅಲ್ಲಿಗೆ ಹೋಗುವ ಬಸ್ಸಿಗಾಗಿ ಅವನ ಕಾಯುವಿಕೆ ಊರ ಬಾಗಿಲಿನಲ್ಲಿಯೇ ಪ್ರಾರಂಭವಾಗುತ್ತದೆ. ಕಡೂರಿನದು ಬಯಲುಸೀಮೆಯ ಬಿಸಿಲು; ಹೊತ್ತೇರಿದಂತೆ ಕಾಯುವ ಕಲ್ಲಿನ ಮೇಲೆ ನಡುಹಗಲಿನಲ್ಲಿ ಕೂರಲಾಗದು. ಹೊಂಗೆಯದೋ ಬೇವಿನದೋ ನೆರಳನ್ನು ನೋಡಿ, ಇಲ್ಲವಾದರೆ ಪಡುವಣಕ್ಕೆ ಸಸಿಯನ್ನು ನೆಟ್ಟು, ಬೆಂಚನ್ನಿರಿಸತಕ್ಕದ್ದು.

ಅನುಮತಿ ಮತ್ತು ಪಾಲನೆ

ಸಾರ್ವಜನಿಕ ಜಾಗದಲ್ಲಿ ಬೆಂಚಿಡಲು ಗ್ರಾಮಪಂಚಾಯಿತಿಯ, ಮುಜರಾಯಿ ದೇವಾಲಯವಾದರೆ ಆ ಇಲಾಖೆಯವರ, ಆಸ್ಪತ್ರೆಯಾದರೆ ಅಲ್ಲಿನ ಆಡಳಿತದ ಒಪ್ಪಿಗೆಯನ್ನು ಮೊದಲೇ ಪಡೆಯುವುದು ಉಚಿತ. ವರ್ಷಾಬ್ದಿಕದ ದಿನ ಬೆಂಚನ್ನು ಒಪ್ಪಿಸಿದರೆ ಪ್ರತಿವರ್ಷವೂ ಅದೇ ತಿಥಿಗೆ ತೊಳೆದು, ಸಡಿಲಾದ ಕಾಲುಗಲ್ಲಿಗೆ ಗಾರೆ ಹಾಕಿಸುವ ಕರ್ತವ್ಯವು ಮನೆಯವರ ನೆನಪಿನಲ್ಲಿ ನಿಲ್ಲುತ್ತದೆ. ಒಪ್ಪಿಸಿದ ಮೇಲೆ ಅದರ ಮೇಲೆ ಕುಟುಂಬಕ್ಕೆ ಒಡೆತನವಿಲ್ಲ. ಹೆಸರನ್ನು ಓದದೆ ಕುಳಿತು ಎದ್ದು ಹೋಗುವವನಿಗೂ ಅದರಲ್ಲಿ ಸಮಾನವಾದ ಹಕ್ಕುಂಟು, ಮತ್ತು ಬೆಂಚನ್ನು ಹಾಕಿಸಿದವರ ಉದ್ದೇಶವು ಅವನಿಂದಲೂ ಪೂರ್ಣವಾಗಿಯೇ ನೆರವೇರುತ್ತದೆ.